ಅಂದಾಜಿನ ಪೆನ್ಸಿಲ್

ಈವತ್ತು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ನನ್ನ ಹೆಂಡತಿ ಶಾರದೆ ಎರಡನೆಯ ಸಲ ಸಾರು ಬಡಿಸುತ್ತ ಹೇಗಿದೆ ಎಂದು ಕೇಳಿದಳು. ನಾನು ಪರವಾಗಿಲ್ಲ ಎಂದೆ. ಸಾರು ನಿಜವಾಗಿ ಅಮೋಘವಾಗಿತ್ತು. ಹೊಸದಾಗಿ ಹುರಿದು ಕುಟ್ಟಿದ ಪುಡಿಯ ಪರಿಮಳ ಬೀದಿಯ ತಿರುವಿನಲ್ಲೇ ನನ್ನನ್ನು ಎದುರುಗೊಂಡಿತ್ತು. ಅನ್ನ ಮುಗಿದ ಮೇಲೂ ತಟ್ಟೆಯ ತಳದಲ್ಲಿ ಉಳಿದದ್ದನ್ನು, ಕಾಲೇಜು ಅಧ್ಯಾಪಕನೊಬ್ಬನಿಗೆ ಶೋಭಿಸದ ರೀತಿಯಲ್ಲಿ, ಬೆರಳಿನಿಂದ ಬಳಿದು ನೆಕ್ಕಿದ್ದೆ. ಆದರೂ ಬಾಯಿಂದ ಹೊರಟದ್ದು ಆ ಒಂದೇ ಮಾತು. ಹದಿಮೂರು ವರ್ಷ ನನ್ನೊಡನೆ ಸಂಸಾರ ಮಾಡಿರುವ ಶಾರದೆ ನನ್ನ ಪರಿಭಾಷೆಗೆ ತನ್ನದೇ ಆದ ನಿಘಂಟೊಂದನ್ನು ಕಟ್ಟಿಕೊಂಡಿದ್ದಾಳೆ: ಪರವಾಗಿಲ್ಲ ಎಂದರೆ ಪ್ರಥಮ ದರ್ಜೆ, ತಿನ್ನಬಹುದು ಎಂದರೆ ದ್ವಿತೀಯ, ಮಾತಿಲ್ಲದೆ ಎದ್ದುಹೋದರೆ ನಪಾಸು. ನಿಘಂಟು ಕೈಯಲ್ಲಿದ್ದರೂ ಈವತ್ತು ಅವಳ ಮುಖ ಒಂದು ಗಳಿಗೆ ಸಣ್ಣದಾದದ್ದು ನನಗೆ ಕಾಣಿಸಿತು.

ನೀವು ನಗಬೇಡಿ; ಈ ವ್ಯಾಧಿ ನನ್ನೊಬ್ಬನದಲ್ಲ. ಸಂಜೆ ಹೊತ್ತು ನಮ್ಮ ಜಯನಗರದ ಯಾವ ಬ್ಲಾಕಿನಲ್ಲಾದರೂ ಒಂದು ಸುತ್ತು ಹಾಕಿ, ಗೇಟಿನ ಬಳಿ ನಿಂತಿರುವ ಗೃಹಸ್ಥರನ್ನು ಕುಶಲ ವಿಚಾರಿಸಿ ನೋಡಿ. ಮೊಸಾಯಿಕ್ ನೆಲ ಹಾಕಿಸಿ, ಮಹಡಿ ಎಬ್ಬಿಸಿ, ಮುಂದೆ ಗುಲಾಬಿ ತೋಟ ಮಾಡಿಕೊಂಡವರು ಅದನ್ನು ‘ಏನೋ ಒಂದು ಗೂಡು’ ಎನ್ನುತ್ತಾರೆ. ಮಗ ತರಗತಿಗೇ ಮೊದಲಿಗನಾಗಿದ್ದರೆ ‘ಏನೋ ಓದ್ಕೋತಾನೆ’. ಮಗಳ ಸಂಗೀತವನ್ನು ಇಡೀ ಬೀದಿ ಕಿಟಕಿ ತೆರೆದು ಕೇಳುತ್ತಿದ್ದರೆ ‘ಏನೋ ಕಿರುಚ್ಕೋತಾಳೆ’. ಇದ್ದದ್ದನ್ನು ಇದ್ದಷ್ಟೇ ಹೇಳುವುದು ನಮ್ಮ ಕಡೆ ಅಸಭ್ಯತೆ. ಒಂದಿಷ್ಟು ಕಳೆದು ಹೇಳುವುದೇ ಸಂಸ್ಕಾರ. ಕಳೆಯುವ ಈ ಕಲೆಯಲ್ಲಿ ನಾನು ಪಡೆದ ಪರಿಣತಿ ಸಾಮಾನ್ಯವಾದದ್ದಲ್ಲ, ಅದಕ್ಕೆ ಗುರುಮುಖೇನ ಅಭ್ಯಾಸವಾಗಿದೆ.

ಗುರುಗಳೆಂದರೆ ನಮ್ಮ ತಂದೆಯವರು. ಬಸವನಗುಡಿಯಲ್ಲಿ ನಮ್ಮ ಮನೆ, ಸರ್ಕಾರದ ಕಚೇರಿಯೊಂದರಲ್ಲಿ ಅವರಿಗೆ ಗುಮಾಸ್ತೆ ಕೆಲಸ. ನಾನು ಪರೀಕ್ಷೆ ಬರೆದು ಬಂದ ದಿನ ಕೈಕಾಲು ತೊಳೆದು, ಕಾಫಿಗೂ ಮುಂಚೆ, ಪ್ರಶ್ನೆಪತ್ರಿಕೆಯನ್ನು ಅವರ ಕೈಗೆ ಒಪ್ಪಿಸಬೇಕಾಗಿತ್ತು. ಅವರು ಜಗಲಿಯ ಮೇಲೆ ಪದ್ಮಾಸನ ಹಾಕಿ, ಒಂದು ತುದಿ ಕೆಂಪು ಇನ್ನೊಂದು ತುದಿ ನೀಲಿ ಇರುವ ಪೆನ್ಸಿಲ್ ಹಿಡಿದು, ಒಂದೊಂದು ಪ್ರಶ್ನೆಗೂ ನಾನೇನು ಬರೆದೆನೆಂದು ವಿಚಾರಣೆ ನಡೆಸಿ, ಅಂಚಿನಲ್ಲಿ ನೀಲಿಯಿಂದ ಅಂಕ ಹಾಕುತ್ತಿದ್ದರು. ಕೊನೆಗೆ ಮೊತ್ತ. ಮೊತ್ತದ ಕೆಳಗೆ, ಕೆಂಪು ತುದಿಯನ್ನು ತಿರುಗಿಸಿಕೊಂಡು, ಹತ್ತು ಕಳೆಯುತ್ತಿದ್ದರು. ಯಾಕೆ ಹತ್ತು ಎಂದು ಒಮ್ಮೆ ಕೇಳಿದ್ದಕ್ಕೆ, ದೃಷ್ಟಿಗೆ ಐದು, ಪರೀಕ್ಷಕರ ಜಿಪುಣತನಕ್ಕೆ ಐದು ಎಂದು ವಿವರಣೆ ಕೊಟ್ಟಿದ್ದರು.

ಈ ಅಂದಾಜಿಗಿಂತ ನಿಜವಾದ ಅಂಕ ಒಂದು ಕಡಿಮೆ ಬಂದರೂ ನನಗೆ ಮಂಗಳಾರತಿ ತಪ್ಪಿದ್ದಲ್ಲ. ಆದ್ದರಿಂದ ಆತ್ಮರಕ್ಷಣೆಗಾಗಿ ನಾನೇ ಮುಂಚಿತವಾಗಿ ಒಂದು ಹತ್ತು ಕಳೆದು ಸಾಕ್ಷಿ ಹೇಳುತ್ತಿದ್ದೆ. ತಂದೆಯವರು ತಮ್ಮ ಹತ್ತು ಕಳೆದ ಮೇಲೆ ಸಂಖ್ಯೆ ಅಡುಗೆಮನೆಗೆ ಹೋಗುತ್ತಿತ್ತು. ಅಲ್ಲಿ ಅಮ್ಮ, ನೆರೆಮನೆಯವರ ಕಣ್ಣು ತಾಗದಿರಲೆಂದು ಇನ್ನೊಂದು ಹತ್ತು ಕಳೆದು ಹಿತ್ತಿಲ ಬೇಲಿಯ ಆಚೆಗೆ ದಾಟಿಸುತ್ತಿದ್ದಳು. ಹೀಗೆ ನಾನು ಎಸ್.ಎಸ್.ಎಲ್.ಸಿ. ಬರೆದ ವರ್ಷ ಸುದ್ದಿ ನಾಲ್ಕನೆಯ ಮನೆ ಮುಟ್ಟುವ ಹೊತ್ತಿಗೆ ನಾನು ಪೂರ್ತಿಯಾಗಿ ನಪಾಸಾಗಿದ್ದೆ. ಆ ಮನೆಯ ಮುದುಕಿ ಪಾಪ, ಸಮಾಧಾನ ಹೇಳಲು ಒಂದು ತಟ್ಟೆ ಕೋಡುಬಳೆ ಹಿಡಿದು ಬಂದು ನನ್ನ ತಲೆ ಸವರಿ ಹೋದರು. ತಿಂಗಳು ಕಳೆದು ನಾನು ಪ್ರಥಮ ದರ್ಜೆಯಲ್ಲಿ ಪಾಸಾದಾಗ, ಕೋಡುಬಳೆ ದಂಡವಾಯಿತೆಂದೋ ಕರುಣೆ ದಂಡವಾಯಿತೆಂದೋ, ಅವರು ನಮ್ಮೊಡನೆ ಬಹಳ ದಿನ ಮಾತು ಬಿಟ್ಟಿದ್ದರು.

ತಂದೆಯವರು ತೀರಿಕೊಂಡ ಮೇಲೆ ಪಂಚಪಾತ್ರೆ, ಉದ್ಧರಣೆ ಅಣ್ಣನ ಪಾಲಿಗೆ ಹೋದವು. ಪೆನ್ಸಿಲ್ ನನಗೆ ಬಂತು.

ಆ ಪೆನ್ಸಿಲ್ ಹಿಡಿದು ನಾನು ಜಯನಗರಕ್ಕೆ ಬಂದಾಗ ಐವತ್ತರ ದಶಕ ಮುಗಿಯುತ್ತಿತ್ತು. ಗಣಿತದ ಅಧ್ಯಾಪಕ, ಹೊಸ ಸಂಸಾರ, ತೊಟ್ಟಿಲಲ್ಲಿ ಮಗಳು. ಆಗ ಇಲ್ಲಿ ಮನೆಗಳಿಗಿಂತ ಕಲ್ಲು ನೆಟ್ಟ ಖಾಲಿ ನಿವೇಶನಗಳೇ ಹೆಚ್ಚು; ಅಗಲವಾದ ರಸ್ತೆಗಳಿದ್ದವು, ಅವುಗಳ ಮೇಲೆ ನಡೆಯಲು ಜನ ಇನ್ನೂ ಬಂದಿರಲಿಲ್ಲ. ಬಸ್ಸಿಳಿದು ಕೆಂಪು ಧೂಳಿನಲ್ಲಿ ಅರ್ಧ ಮೈಲಿ ನಡೆದರೆ ನಮ್ಮ ಬಾಡಿಗೆ ಮನೆ. ಮಾಲೀಕರು ಮುನಿಶಾಮಪ್ಪನವರು. ಬಡಾವಣೆ ಆಗುವ ಮುಂಚೆ ಇದೇ ನೆಲದಲ್ಲಿ ರಾಗಿ ಬೆಳೆಯುತ್ತಿದ್ದವರು. ಹೊಲ ರಸ್ತೆಯಾಗಿ, ಚರಂಡಿಯಾಗಿ, ಉದ್ಯಾನವಾಗಿ ಹಂಚಿಹೋದ ಮೇಲೆ ಉಳಿದ ಜಾಗದಲ್ಲಿ ಒಂದು ಮನೆ, ಅದರ ಮಗ್ಗುಲಿಗೆ ಬಾಡಿಗೆಗೊಂದು ಸಣ್ಣ ಮನೆ ಕಟ್ಟಿಸಿಕೊಂಡಿದ್ದರು. ನಮ್ಮ ಅಡುಗೆಮನೆಯ ಜಾಗದಲ್ಲಿ ಮೊದಲು ಒಂದು ಹೊಂಗೆ ಮರವಿತ್ತಂತೆ. ಅದರ ನೆರಳಲ್ಲಿ ಎತ್ತು ಕಟ್ಟುತ್ತಿದ್ದುದನ್ನು ಅವರು ಒಲೆಯ ಕಡೆ ಬೆರಳು ಮಾಡಿ ತೋರಿಸುತ್ತಿದ್ದರು. ಸಾರಕ್ಕಿಯ ಆಚೆ ಇನ್ನೂ ಎರಡು ಎಕರೆ ಹೊಲ ಉಳಿದಿತ್ತು.

ಒಂದು ಸಲ ಸಂಕ್ರಾಂತಿಯ ಆಸುಪಾಸಿನಲ್ಲಿ ಅವರ ಹೊಲದ ಕಣಕ್ಕೆ ನನ್ನನ್ನು ಕರೆದುಕೊಂಡು ಹೋಗಿದ್ದರು. ತೂರಿ ಹಸನುಮಾಡಿದ ರಾಗಿಯ ರಾಶಿ, ಅದರ ನೆತ್ತಿಯ ಮೇಲೆ ಸಗಣಿಯ ಬೆನಕ, ಮೇಲೊಂದು ಹೂವು. ನಾನು, ಗಣಿತದವನ ಚಪಲ ನೋಡಿ, ರಾಶಿಯ ಎತ್ತರ ಸುತ್ತಳತೆ ಕಣ್ಣಲ್ಲೇ ಹಿಡಿದು, ಇಷ್ಟು ಪಲ್ಲ ಆಗಬಹುದು ಎಂದುಬಿಟ್ಟೆ. ಕಣದಲ್ಲಿದ್ದವರೆಲ್ಲ ಗಪ್‌ಚಿಪ್ ಆದರು. ಮುನಿಶಾಮಪ್ಪನವರು ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಕರೆದು, ಅಳೆಯುವ ಮುಂಚೆ ರಾಶಿ ಇಷ್ಟು ಎಂದು ಬಾಯಿ ಬಿಡಬಾರದು, ಯಾರಾದರೂ ಕೇಳಿದರೆ ಏನೋ ಒಂದಿಷ್ಟಾಗ್ತದೆ ಎನ್ನಬೇಕು ಎಂದು ತಿಳಿಹೇಳಿದರು. ಅಳತೆ ಸುರುವಾದಾಗಲೂ ಮೊದಲ ಕೊಳಗವನ್ನು ಒಂದು ಎನ್ನದೆ ‘ಲಾಭ’ ಎಂದೇ ಕರೆದು, ಆಮೇಲೆ ಎರಡು, ಮೂರು ಎಂದು ಎಣಿಸಿದರು. ರಾಶಿಯ ಆ ಬದಿಯಲ್ಲಿ ಚೀಲದ ಬಾಯಿ ಹಿಡಿದುಕೊಂಡು ನಿಂತಿದ್ದ ಅವರ ಮಗಳು ರತ್ನ ನನ್ನ ಪೇಚಾಟ ನೋಡಿ ಮುಸಿಮುಸಿ ನಗುತ್ತಿದ್ದಳು. ಬಸವನಗುಡಿಯ ಜಗಲಿಗೂ ಸಾರಕ್ಕಿಯ ಕಣಕ್ಕೂ ಎಷ್ಟು ಹತ್ತಿರದ ನಂಟು ಎಂದು ನನಗೆ ಅವತ್ತು ಸಂತೋಷವೇ ಆಗಿತ್ತು.

ಈ ರತ್ನ ನನ್ನ ವಿದ್ಯಾರ್ಥಿನಿ. ನಮ್ಮ ಕಾಲೇಜಿನ ಪಿ.ಯು.ಸಿ. ತರಗತಿಯಲ್ಲಿದ್ದ ನಾಲ್ಕೇ ಹುಡುಗಿಯರಲ್ಲಿ ಒಬ್ಬಳು. ಅವರ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಮೊದಲಿಗಳು. ಅವಳ ಬುದ್ಧಿ ಎಂಥದೆಂಬುದು ನನಗೆ ಗೊತ್ತಿತ್ತು. ಒಂದು ದಿನ ನಾನು ಹಲಗೆಯ ತುಂಬ ಲೆಕ್ಕ ಬಿಡಿಸಿ, ಉತ್ತರ ವಿಚಿತ್ರವಾಗಿ ಬಂದದ್ದಕ್ಕೆ ಪುಸ್ತಕವನ್ನೇ ಬೈದು ಕೈ ತೊಳೆದುಕೊಂಡಿದ್ದೆ. ಗಂಟೆ ಹೊಡೆದು ಎಲ್ಲರೂ ಹೋದ ಮೇಲೆ ಅವಳು ಬಾಗಿಲ ಹತ್ತಿರ ಬಂದು, ತನಗೇ ಎಲ್ಲೋ ತಪ್ಪಾಗಿರಬೇಕು ಎಂದು ಪೀಠಿಕೆ ಹಾಕಿ, ನನ್ನ ಮೂರನೆಯ ಸಾಲಿನಲ್ಲಿ ಕೂಡಿಸುವ ಕಡೆ ಕಳೆದಿದ್ದನ್ನು ತೋರಿಸಿಕೊಟ್ಟಳು. ಕೂಡಿಸುವ ಕಡೆ ಕಳೆಯುವುದು ನನ್ನ ಹುಟ್ಟುಗುಣ ಎಂದು ಆಗಲೇ ನಾನು ತಿಳಿದುಕೊಳ್ಳಬೇಕಿತ್ತು.

ಅವಳ ಆಸೆ ವಿಶ್ವವಿದ್ಯಾಲಯದ ಗಣಿತದ ಆನರ್ಸ್ ತರಗತಿ. ಅಲ್ಲಿ ಇದ್ದದ್ದು ಹದಿನೈದೇ ಸೀಟು. ಫಲಿತಾಂಶ ಬರುವ ತನಕ ಕಾದರೆ ಒಳ್ಳೆಯ ವಿದ್ಯಾರ್ಥಿಗಳೆಲ್ಲ ಇಂಜಿನಿಯರಿಂಗ್, ಮೆಡಿಕಲ್ ಕಡೆಗೆ ಓಡಿಹೋಗುತ್ತಾರೆಂದು ಅಲ್ಲಿನವರು ಮುಂಗಡವಾಗಿಯೇ ಪ್ರವೇಶ ಕೊಡುವ ಒಂದು ಕ್ರಮ ಮಾಡಿದ್ದರು. ಪರೀಕ್ಷೆ ಮುಗಿದ ಕೂಡಲೇ ಅರ್ಜಿ. ಅರ್ಜಿಯ ಜೊತೆಗೆ, ಪಾಠ ಹೇಳಿದ ಅಧ್ಯಾಪಕರು ಈ ವಿದ್ಯಾರ್ಥಿಗೆ ನೂರಕ್ಕೆ ಎಷ್ಟು ಅಂಕ ಬರಬಹುದೆಂದು ಅಂದಾಜು ಮಾಡಿ, ರುಜು ಹಾಕಿ, ಮುಚ್ಚಿದ ಲಕೋಟೆಯಲ್ಲಿ ಕೊಡಬೇಕು. ಅದನ್ನು ನೋಡಿ ಸಂದರ್ಶನಕ್ಕೆ ಕರೆದು ಸೀಟು ಹಂಚುತ್ತಾರೆ. ಮಿಕ್ಕಿದ್ದರೆ ಫಲಿತಾಂಶವಾದ ಮೇಲೆ ಉಳಿದವರಿಗೆ. ಮಿಕ್ಕುವುದು ಅಪರೂಪ ಎಂದು ಎಲ್ಲರೂ ಹೇಳುತ್ತಿದ್ದರು.

ಅಷ್ಟರಲ್ಲಿ ಇನ್ನೊಂದು ಕಾಗದ ಬಂದಿತ್ತು. ರತ್ನಳ ಎಸ್.ಎಸ್.ಎಲ್.ಸಿ. ಅಂಕಗಳ ಆಧಾರದ ಮೇಲೆ ಕೋಲಾರದ ಕಡೆ ಒಂದು ಶಿಕ್ಷಕರ ತರಬೇತಿ ಶಾಲೆಯಲ್ಲಿ ಅವಳಿಗೆ ಜಾಗ ಸಿಕ್ಕಿತ್ತು. ಮೇ ತಿಂಗಳ ನಡುವೆ ಸೇರಬೇಕು, ಪಿ.ಯು.ಸಿ. ಫಲಿತಾಂಶ ಬರುವುದು ಜೂನಿನಲ್ಲಿ. ಒಂದು ಸಂಜೆ ಮುನಿಶಾಮಪ್ಪನವರು ಆ ಕಾಗದ ಹಿಡಿದು ನಮ್ಮ ಜಗಲಿಗೆ ಬಂದರು.

“ಸ್ವಾಮಿ, ಈ ದೊಡ್ಡ ಓದು ನಮ್ ಹುಡುಗಿಗೆ ಸಿಗ್ತದೋ ಇಲ್ವೋ, ನೀವು ಒಂದ್ ಮಾತು ಹೇಳ್ಬುಡಿ. ಸಿಗ್ತದೆ ಅಂದ್ರೆ ಇದನ್ನ ವಾಪಸ್ ಕಳಿಸ್ತೀನಿ. ಇಲ್ಲಾಂದ್ರೆ ಮೇ ತಿಂಗಳಾಗೆ ಕರ್ಕೊಂಡೋಗಿ ಬಿಟ್ಟು ಬತ್ತೀನಿ. ಎರಡೂ ತಪ್ಪೋಗೋದು ಬ್ಯಾಡ.”

ಎಷ್ಟು ನ್ಯಾಯವಾದ ಮಾತು! ಹೊಲ ಕಳೆದುಕೊಂಡ ಮನುಷ್ಯ, ಮಗಳಿಗೆ ಕೈಗೆ ಬಂದದ್ದು ಕೈ ಬಿಡಬಾರದೆಂದು ನೋಡುತ್ತಿದ್ದರು. ನಾನು ಎಂದಿನ ಗಾಂಭೀರ್ಯದಿಂದ, ಈಗಲೇ ಏನೂ ಹೇಳುವ ಹಾಗಿಲ್ಲ, ಪ್ರಶ್ನೆಪತ್ರಿಕೆ ನೋಡೋಣ, ಲಕೋಟೆ ಹೋಗಲಿ, ಅವರು ಸಂದರ್ಶನಕ್ಕೆ ಕರೆದರೆ ಕಳಿಸೋಣ, ಕರೆಯದಿದ್ದರೆ ತರಬೇತಿ ಶಾಲೆ ಇದ್ದೇ ಇದೆ ಎಂದೆ.

ಆ ಹೊತ್ತಿಗೆ ನಮ್ಮ ಬೀದಿಯಲ್ಲಿ ಭವಿಷ್ಯಕಾರನೆಂದು ನನಗೆ ಸಾಕಷ್ಟು ಹೆಸರು ಬಂದಿತ್ತು. ಮಾರ್ಚ್ ಏಪ್ರಿಲಿನ ಸಂಜೆಗಳಲ್ಲಿ ಮಕ್ಕಳ ಪ್ರಶ್ನೆಪತ್ರಿಕೆಗಳನ್ನು ನಾಲ್ಕಾಗಿ ಮಡಿಸಿಕೊಂಡು ತಂದೆಯರು ಬರುತ್ತಿದ್ದರು. ಇವನಿಗೆ ಇಂಜಿನಿಯರಿಂಗ್ ಆಗುತ್ತದೆಯೇ, ಇವಳಿಗೆ ಮೆಡಿಕಲ್ ಆಗುತ್ತದೆಯೇ ಎಂದು ಕೇಳುತ್ತಿದ್ದರು. ನಾನು ಪೆನ್ಸಿಲ್ ಚೂಪು ಮಾಡಿಕೊಂಡು, ನೀಲಿಯಿಂದ ಕೂಡಿಸಿ ಕೆಂಪಿನಿಂದ ಕಳೆದು ತೀರ್ಪು ಕೊಡುತ್ತಿದ್ದೆ. ನನ್ನ ಭವಿಷ್ಯ ಒಂದು ಸಲವೂ ಸುಳ್ಳಾಗಿರಲಿಲ್ಲ, ಅಂದರೆ ಯಾರಿಗೂ ನಾನು ಹೇಳಿದ್ದಕ್ಕಿಂತ ಕಡಿಮೆ ಬಂದಿರಲಿಲ್ಲ. ಹೆಚ್ಚಿಗೆ ಬಂದರೆ ಜನ ಸಂತೋಷದಲ್ಲಿ ಭವಿಷ್ಯಕಾರನನ್ನು ಮರೆತುಬಿಡುತ್ತಾರೆ. ಹತ್ತು ಕಳೆದು ಹೇಳುವವನ ಮರ್ಯಾದೆಗೆ ಯಾವ ಕಾಲಕ್ಕೂ ಧಕ್ಕೆಯಿಲ್ಲ.

ರತ್ನ ಮೂರು ಪ್ರಶ್ನೆಪತ್ರಿಕೆ ಹಿಡಿದು ಜಗಲಿಯ ಮೇಲೆ ನನ್ನೆದುರು ಕೂತಳು. ಒಂದೊಂದು ಪ್ರಶ್ನೆಗೂ ನಾನು ಕೇಳುವುದು, ಅವಳು ನೆಲ ನೋಡುತ್ತ ಉತ್ತರ ಹೇಳುವುದು. ಈ ಲೆಕ್ಕ ಮಾಡಿದೆಯೇನಮ್ಮ? ಮಾಡಿದೀನಿ ಸಾರ್, ಪೂರ್ತಿ ಆಗಿಲ್ಲ ಅನ್ಸುತ್ತೆ. ನಾನು ಅರ್ಧ ಅಂಕ ಹಾಕುತ್ತಿದ್ದೆ. ಈ ಪ್ರಮೇಯ? ಬರೆದಿದೀನಿ, ಕೊನೇ ಹಂತ ಜ್ಞಾಪಕ ಇಲ್ಲ. ಎರಡು ಅಂಕ ಹಿಡಿದುಕೊಳ್ಳುತ್ತಿದ್ದೆ. ಹಲಗೆಯ ಮೇಲೆ ನನ್ನ ತಪ್ಪು ಹಿಡಿದ ಹುಡುಗಿಗೆ ಪ್ರಮೇಯದ ಕೊನೆಯ ಹಂತ ಮರೆತುಹೋಗುವುದು ಹೇಗೆ ಎಂಬ ಪ್ರಶ್ನೆ ನನ್ನ ತಲೆಗೆ ಬರಲೇ ಇಲ್ಲ. ಅವಳು ಹೇಳಿದ್ದನ್ನೆಲ್ಲ ಕೂಡಿಸಿದಾಗ ನೂರಕ್ಕೆ ಎಪ್ಪತ್ತಾರು ಬಂತು. ಅವಳು ಎದ್ದುಹೋದ ಮೇಲೆ ಪೆನ್ಸಿಲ್ ತಿರುಗಿಸಿಕೊಂಡೆ. ಎಪ್ಪತ್ತಾರರಲ್ಲಿ ಹತ್ತು ಕಳೆದರೆ ಅರವತ್ತಾರು. ಪ್ರಥಮ ದರ್ಜೆಗಿಂತ ಆರು ಮೇಲೆಯೇ ಇದೆ, ಇನ್ನೇನು ಬೇಕು ಎಂದು ಸಮಾಧಾನಪಟ್ಟು, ಪ್ರಮಾಣಪತ್ರದಲ್ಲಿ ಮುದ್ದಾದ ಅಕ್ಷರದಲ್ಲಿ ಅರವತ್ತಾರು ಎಂದು ಬರೆದು, ರುಜು ಹಾಕಿ, ಲಕೋಟೆಯ ಬಾಯಿಗೆ ಗೋಂದು ಹಚ್ಚಿದೆ. ಅವತ್ತು ರಾತ್ರಿ ಊಟವೂ ನಿದ್ದೆಯೂ ಎಂದಿನಂತೆಯೇ ಆದವು.

ಹದಿನೈದು ದಿನಕ್ಕೆ ಉತ್ತರ ಬಂತು. ರತ್ನ ಅದನ್ನು ತಂದು ನನ್ನ ಕೈಗೇ ಕೊಟ್ಟಳು. ಅಧ್ಯಾಪಕರ ಅಂದಾಜು ಎಪ್ಪತ್ತಕ್ಕೆ ಕಡಿಮೆ ಇರುವ ಅರ್ಜಿಗಳನ್ನು ಸಂದರ್ಶನಕ್ಕೆ ಪರಿಗಣಿಸಿಲ್ಲ ಎಂದು ಎರಡೇ ಸಾಲು. ಲಕೋಟೆಯಲ್ಲಿ ಏನಿತ್ತೆಂಬುದು ಅವಳಿಗೆ ಗೊತ್ತಿರಲಿಲ್ಲ. ತಾನು ಹೇಳಿದ ಲೆಕ್ಕವೇ ಸಾಲದೆ ಹೋಯಿತೆಂದು ಅವಳು ತಿಳಿದಿರಬೇಕು. ಮಾರನೆಯ ದಿನ ನಾನು ಯಾರಿಗೂ ಹೇಳದೆ ಆ ಕಚೇರಿಗೆ ಹೋಗಿ, ಅಂದಾಜು ಸ್ವಲ್ಪ ಕಡಿಮೆಯಾಗಿದೆ, ತಿದ್ದಿಕೊಡಲೇ ಎಂದು ಕೇಳಿದೆ. ಅಲ್ಲಿದ್ದವರು, ರುಜು ಹಾಕಿದ ಮೇಲೆ ಹೇಗೆ ತಿದ್ದುತ್ತೀರಿ ಸಾರ್, ಬೇರೆಯವರೆಲ್ಲ ಎಂಬತ್ತು ಎಂಬತ್ತೈದು ಎಂದೇ ಬರೆದುಕೊಟ್ಟಿದ್ದಾರೆ ಎಂದು ಮರ್ಯಾದೆಯಿಂದಲೇ ಹೇಳಿ ಕಳಿಸಿದರು. ಮನೆಗೆ ಬಂದು ಮುನಿಶಾಮಪ್ಪನವರ ಮುಂದೆ ಪೈಪೋಟಿ ವಿಪರೀತ ಎಂದೆ. ಅವರು ತಲೆಯಾಡಿಸಿದರು. ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ರತ್ನ ತಗಡಿನ ಪೆಟ್ಟಿಗೆ, ಹಾಸಿಗೆ ಸುರುಳಿ ಹಿಡಿದು ಅಪ್ಪನ ಜೊತೆ ಬಸ್ಸಿಗೆ ನಡೆದಳು. ಗೇಟಿನ ಹತ್ತಿರ ನನಗೂ ಶಾರದೆಗೂ ನಮಸ್ಕಾರ ಮಾಡಿದಳು. ನಾನು ಆಗಲಾದರೂ ಹೇಳಬಹುದಿತ್ತು, ಹೇಳಲಿಲ್ಲ.

ಜೂನಿನಲ್ಲಿ ಫಲಿತಾಂಶ ಬಂತು. ರತ್ನಳಿಗೆ ನೂರಕ್ಕೆ ಎಂಬತ್ತೆಂಟು.

ಹದಿನೈದು ಸೀಟೂ ಮುಂಗಡವಾಗಿಯೇ ತುಂಬಿಹೋಗಿದ್ದವು, ಒಂದೂ ಮಿಕ್ಕಿರಲಿಲ್ಲ. ಮುನಿಶಾಮಪ್ಪನವರು ಅವತ್ತು ಸಂಜೆ ಒಂದು ಮೊರದ ತುಂಬ ಅವರೆಕಾಯಿ ತರೋಣವೆಂದರೆ ಅದು ಸಿಗುವ ಕಾಲವಲ್ಲವೆಂದು ಪೇಚಾಡುತ್ತ, ಐದು ಸೇರು ರಾಗಿ ಹಿಟ್ಟು, ಎರಡು ಅಚ್ಚು ಬೆಲ್ಲ ತಂದು ಜಗಲಿಯ ಮೇಲಿಟ್ಟು, ನಿಮ್ಮ ಪಾಠದಿಂದ ಇಷ್ಟಾಯ್ತು ಸ್ವಾಮಿ ಎಂದು ಕೈ ಮುಗಿದರು. ಶಾರದೆ ಹಿಟ್ಟನ್ನು ಒಳಗೆ ತೆಗೆದುಕೊಂಡು ಹೋದಳು. ಆ ಹಿಟ್ಟಿನ ರೊಟ್ಟಿಯನ್ನು ನಾನು ತಟ್ಟೆಯ ಅಂಚಿಗೆ ಸರಿಸಿದೆ. ಹೊಟ್ಟೆ ಸರಿಯಿಲ್ಲ ಎಂದು ಅವಳಿಗೆ ಸುಳ್ಳು ಹೇಳಿದೆ.

ಅಂದಿನಿಂದ ಆ ಎಂಬತ್ತೆಂಟನ್ನೂ ಅರವತ್ತಾರನ್ನೂ ನಾನು ಎಷ್ಟು ಸಲ ಮನಸ್ಸಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿದೆನೋ. ಎಂಬತ್ತೆಂಟು ಬರೆದವಳು ಎಪ್ಪತ್ತಾರು ಎಂದು ಹೇಳಿದ್ದಳು, ಎಂದರೆ ಹನ್ನೆರಡು ಅವಳು ಕಳೆದಿದ್ದಳು. ಹತ್ತು ನಾನು ಕಳೆದೆ. ಅವಳು ಇದ್ದಷ್ಟು ಹೇಳಿ ನಾನೊಬ್ಬನೇ ಕಳೆದಿದ್ದರೆ ಎಪ್ಪತ್ತೆಂಟು. ಅವಳೊಬ್ಬಳೇ ಕಳೆದು ನಾನು ಸುಮ್ಮನಿದ್ದಿದ್ದರೆ ಎಪ್ಪತ್ತಾರು. ಎರಡರಲ್ಲಿ ಯಾವುದಾದರೂ ಎಪ್ಪತ್ತನ್ನು ದಾಟುತ್ತಿತ್ತು. ಇಬ್ಬರಲ್ಲಿ ಒಬ್ಬರು ಬಾಯಿ ಬಿಟ್ಟು ನಿಜ ಹೇಳಿದ್ದರೆ ಸಾಕಾಗಿತ್ತು. ಆದರೆ ಇಬ್ಬರ ಪಾಪವೂ ಒಂದೇ ತೂಕದ್ದಲ್ಲ ಎಂಬುದು ನಿಧಾನವಾಗಿ ಅರ್ಥವಾಯಿತು. ಅವಳು ಕಳೆದದ್ದು ತನ್ನ ರಾಶಿಯಿಂದ, ಕಣದಲ್ಲಿ ಕಲಿತ ಭಯಭಕ್ತಿಯಿಂದ. ನಾನು ಕಳೆದದ್ದು ಇನ್ನೊಬ್ಬರ ರಾಶಿಯಿಂದ, ನನ್ನ ರುಜುವಿಗೆ ಅವಮಾನ ಬಾರದಿರಲೆಂದು. ಅದನ್ನು ವಿನಯ ಎಂದು ಕರೆದುಕೊಂಡು ಇಷ್ಟು ವರ್ಷ ಬೆನ್ನು ತಟ್ಟಿಕೊಂಡಿದ್ದೆ. ಪೆನ್ಸಿಲನ್ನು ಪೆಟ್ಟಿಗೆಯ ತಳಕ್ಕೆ ಹಾಕಿದೆ. ಬೀದಿಯವರಿಗೆ ಕಣ್ಣು ಸರಿಯಿಲ್ಲ ಎಂದು ಹೇಳಿ ಭವಿಷ್ಯ ನುಡಿಯುವುದನ್ನು ನಿಲ್ಲಿಸಿದೆ.

ಮುಂದೆ ನಾವೂ ಎರಡು ಬ್ಲಾಕು ಆಚೆಗೆ ಒಂದು ಗೂಡು ಕಟ್ಟಿಕೊಂಡು ಬಂದೆವು (ನೋಡಿದಿರಾ, ನಾನೂ ಗೂಡು ಎಂದೇ ಬರೆದೆ). ತೊಟ್ಟಿಲಲ್ಲಿದ್ದ ಮಗಳು ವಸು ಐದನೆಯ ಕ್ಲಾಸಿಗೆ ಬಂದಳು. ಹೋದ ತಿಂಗಳು ಅವಳು ಲೆಕ್ಕದ ಪರೀಕ್ಷೆಯ ಉತ್ತರಪತ್ರಿಕೆ ತಂದು ನನ್ನ ರುಜುವಿಗೆ ಹಿಡಿದಾಗ ಐವತ್ತಕ್ಕೆ ನಲವತ್ತೆರಡು ಎಂದಿತ್ತು. ಗಣಿತದವನ ಮಗಳಿಗೆ ಎಂಟು ಹೋದದ್ದೆಲ್ಲಿ ಎಂದು ನಾನು ಒಂದೊಂದಾಗಿ ಕೂಡಿಸಿದರೆ ನಲವತ್ತನಾಲ್ಕು ಬಂತು. ಮತ್ತೆ ಕೂಡಿಸಿದೆ, ನಲವತ್ತನಾಲ್ಕೇ. ಕೊನೆಯ ಪುಟ ತಿರುಗಿಸಿದೆ. ಅಲ್ಲಿ ಮೂಲೆಯಲ್ಲಿ ಒಂದು ಚೌಕ, ಚೌಕದೊಳಗೆ ವಸುವಿನ ಅಕ್ಷರದಲ್ಲಿ ಮೂವತ್ತು ಎಂದಿತ್ತು. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, ‘ಕಡಿಮೆ ಹೇಳಿದ್ದಕ್ಕೆ ಎರಡು’.

ವಿಚಾರಿಸಿದರೆ ಇದು ಅವರ ಲೆಕ್ಕದ ಮಿಸ್ಸಿನ ಪದ್ಧತಿಯಂತೆ. ಬರೆದಾದ ಮೇಲೆ ಚೌಕ ಹಾಕಿ ತನಗೆ ಎಷ್ಟು ಬರುತ್ತದೆಂದು ಪ್ರತಿಯೊಬ್ಬರೂ ಬರೆಯಬೇಕು. ಹೆಚ್ಚಿಗೆ ಬರೆದವರಿಗೆ ಶಿಕ್ಷೆಯಿಲ್ಲ. ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಲ್ಲಿ ತಪ್ಪಿದೆ ಎಂದು ತೋರಿಸುತ್ತಾರೆ. ತೀರ ಕಡಿಮೆ ಬರೆದವರಿಗೆ ಮಾತ್ರ ಎರಡು ಅಂಕ ಕತ್ತರಿ. ನನಗೆ ಸಿಟ್ಟು ನೆತ್ತಿಗೇರಿತು. ಇದು ಯಾವ ಶಾಸ್ತ್ರ, ಎಲ್ಲಿಯ ನ್ಯಾಯ? ಮೂವತ್ತು ಅಂತ ಯಾಕೆ ಬರೆದೆ ಎಂದು ಮಗಳನ್ನು ಗದರಿದೆ. ಜಾಸ್ತಿ ಹೇಳಬಾರದು ಅಂತ ನೀವೇ ಅಲ್ವಾ ಅಪ್ಪ ಹೇಳಿದ್ದು ಎಂದಳು. ಅಡುಗೆಮನೆಯ ಕಡೆಯಿಂದ ಶಾರದೆ ನಕ್ಕ ಸದ್ದು ಕೇಳಿಸಿತು.

ಮಾರನೆಯ ದಿನ, ಕತ್ತರಿಸಿದ ಎರಡು ಅಂಕವನ್ನು ವಾಪಸು ತರುವ ವೀರಾವೇಶದಲ್ಲಿ, ಉತ್ತರಪತ್ರಿಕೆಯನ್ನು ಸುರುಳಿ ಸುತ್ತಿಕೊಂಡು ಶಾಲೆಗೆ ಹೋದೆ. ಐದನೆಯ ಕ್ಲಾಸಿನ ಹೊರಗೆ, ನೂಲಿನ ಸೀರೆ ಉಟ್ಟು, ಕೈತುಂಬ ಸೀಮೆಸುಣ್ಣದ ಪುಡಿ ಮೆತ್ತಿಕೊಂಡು ಒಬ್ಬ ಹೆಣ್ಣುಮಗಳು ನಿಂತಿದ್ದಳು. ನಾನು ಬಾಯಿ ತೆರೆಯುವುದರೊಳಗೆ ಅವಳೇ ಸಾರ್ ಎಂದು ಕೈ ಮುಗಿದಳು. ರತ್ನ. ಹೋದ ವರ್ಷವಷ್ಟೇ ಈ ಶಾಲೆಗೆ ವರ್ಗವಾಗಿ ಬಂದಿದ್ದಳಂತೆ. ಎಳೆಯ ಮಗುವಾಗಿದ್ದಾಗ ಕಂಡಿದ್ದ ವಸುವೇ ಇವಳೆಂದು ಅವಳಿಗೂ ಹೊಳೆದಿರಲಿಲ್ಲ.

ನನ್ನ ವೀರಾವೇಶ ಅಲ್ಲೇ ಇಳಿಯಿತು. ಕೈಯಲ್ಲಿದ್ದ ಸುರುಳಿಯನ್ನು ಏನು ಮಾಡುವುದೆಂದು ತೋರದೆ, ಎಂಟು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನೆಲ್ಲ, ಮಕ್ಕಳ ಮಗ್ಗಿಯ ಗದ್ದಲದ ನಡುವೆ, ಅವಳ ಮುಂದೆ ಒದರಿಬಿಟ್ಟೆ. ಲಕೋಟೆಯಲ್ಲಿ ಅರವತ್ತಾರು ಎಂದು ಬರೆದಿದ್ದೆನಮ್ಮ, ನೀನು ಹೇಳಿದ್ದರಲ್ಲೂ ನಾನು ಹತ್ತು ಕಳೆದೆ, ನಿನ್ನ ಸೀಟು ಹೋದದ್ದು ನನ್ನಿಂದ ಎಂದೆ. ಅವಳು ಬೆರಳಿನ ಸುಣ್ಣವನ್ನು ಸೆರಗಿನ ತುದಿಗೆ ಒರೆಸಿಕೊಂಡಳು.

“ನಾನು ಕಡಿಮೆ ಹೇಳಿದ್ದು ನಿಮಗೆ ಗೊತ್ತಾಗುತ್ತೆ ಅಂದ್ಕೊಂಡಿದ್ದೆ ಸಾರ್. ಪಾಠ ಮಾಡಿದೋರು ನೀವು. ನೀವು ಸೇರಿಸ್ಕೊತೀರಾ ಅಂದ್ಕೊಂಡಿದ್ದೆ.”

ನನಗೆ ಕಣ್ಣು ತುಂಬಿ ಬಂತು. ಕನ್ನಡಕ ತೆಗೆದು ಒರೆಸಿಕೊಳ್ಳುವ ನೆಪ ಮಾಡಿದೆ. ನಾನು ಅವಳ ಹನ್ನೆರಡನ್ನು ಕೂಡಿಸಿಕೊಳ್ಳಬೇಕಾಗಿದ್ದವನು. ಅವಳು ಅಷ್ಟು ನಂಬಿ ಕಳೆದಿದ್ದಳು. ಆಮೇಲೆ ಅವಳೇ ನನ್ನ ಸ್ಥಿತಿ ನೋಡಿ ಮಾತು ಮುಂದುವರಿಸಿದಳು. ಆಗ ತುಂಬ ಅತ್ತಳಂತೆ. ಆನರ್ಸ್ ಓದಿದ್ದರೆ ಎಂದು ಈಗಲೂ ಒಂದೊಂದು ಸಲ ಅನ್ನಿಸುತ್ತದಂತೆ. ಅದನ್ನು ಅವಳು ನನ್ನ ಸಮಾಧಾನಕ್ಕಾಗಿ ಒಂದಿಷ್ಟೂ ಕಡಿಮೆ ಮಾಡಿ ಹೇಳಲಿಲ್ಲ. ಪಾಠ ಹೇಳುವುದರಲ್ಲಿ ಮಾತ್ರ ತಾನು ತುಂಬ ಚೆನ್ನಾಗಿದ್ದೇನೆ ಎಂದೂ ಅಷ್ಟೇ ನೇರವಾಗಿ ಹೇಳಿದಳು. ಹಾಗೆ ತನ್ನ ಬಗ್ಗೆ ತಾನೇ ಚೆನ್ನಾಗಿದ್ದೇನೆ ಎಂದು ಹೇಳಿಕೊಂಡವರನ್ನು ನಮ್ಮ ಬಡಾವಣೆಯಲ್ಲಿ ನಾನು ಅದೇ ಮೊದಲ ಸಲ ಕಂಡದ್ದು. ಹೊರಡುವಾಗ, ನಗುತ್ತ, ಆದರೆ ಗಟ್ಟಿಯಾಗಿ, ವಸುವಿನ ಆ ಎರಡು ಮಾರ್ಕು ವಾಪಸು ಕೊಡುವುದಿಲ್ಲ ಎಂದಳು. ಕೊಡಬೇಡಮ್ಮ ಎಂದು ಬಂದೆ.

ಇಷ್ಟಾದ ಮೇಲೂ ಈವತ್ತು ಮಧ್ಯಾಹ್ನ ನನ್ನ ಬಾಯಿಂದ ಪರವಾಗಿಲ್ಲ ಎಂದೇ ಬಂತು ನೋಡಿ. ಜನ್ಮಕ್ಕೆ ಅಂಟಿದ್ದು ಎಲ್ಲಿ ಹೋಗುತ್ತದೆ! ಮಾತು ಆಡಿದ ಮೇಲೆ ಶಾರದೆಯ ಮುಖ ಸಣ್ಣದಾದದ್ದು ಕಂಡೆನಲ್ಲ, ಆಗ ಹೊಳೆಯಿತು. ಹದಿಮೂರು ವರ್ಷದಿಂದ ಈಕೆ ನಾನು ಕಳೆದು ಕೊಟ್ಟದ್ದನ್ನು ದಿನಕ್ಕೆರಡು ಹೊತ್ತು ತಾನೇ ಕೂಡಿಸಿಕೊಂಡು ಊಟ ಬಡಿಸುತ್ತಿದ್ದಾಳೆ. ಒಂದು ದಿನ ಅವಳಿಗೂ ಕೂಡಿಸಿ ಕೂಡಿಸಿ ಸಾಕಾದರೆ ನನ್ನ ಗತಿಯೇನು?

ರಾತ್ರಿ ಊಟಕ್ಕೆ ಅದೇ ಸಾರು. ಕುದಿದು ಕುದಿದು ಇನ್ನಷ್ಟು ರುಚಿಯಾಗಿತ್ತು. ಶಾರದೆ ಏನೂ ಕೇಳಲಿಲ್ಲ. ನಾನು ಗಂಟಲು ಸರಿಮಾಡಿಕೊಂಡು, ಸಾರು ಬಹಳ ಚೆನ್ನಾಗಿದೆ ಎಂದೆ. ಅವಳು ಸೌಟು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ನನ್ನ ಮುಖ ನೋಡಿದಳು. ಅನುಮಾನದಿಂದ ಅಂಗೈಗೆ ಎರಡು ಹನಿ ಹಾಕಿಕೊಂಡು, ಉಪ್ಪು ಹೆಚ್ಚಾಯಿತೇ ಎಂದು ತಾನೇ ರುಚಿ ನೋಡಿದಳು. ಪಕ್ಕದಲ್ಲಿ ಊಟ ಮಾಡುತ್ತಿದ್ದ ವಸು, ಹಾಗಾದರೆ ಚೌಕದೊಳಗೆ ಎಷ್ಟು ಬರೆಯುತ್ತೀರಿ ಅಪ್ಪ ಎಂದು ಕೇಳಿದಳು. ನನಗೆ ಗೊತ್ತಿದ್ದ ಅತಿ ದೊಡ್ಡ ಸಂಖ್ಯೆ ಒಂದೇ. ನೂರಕ್ಕೆ ಎಂಬತ್ತೆಂಟು ಎಂದೆ.

ಶಾರದೆ ಸಾರು ಬಡಿಸುತ್ತ ಕೇಳಿದಳು: “ಅಷ್ಟು ಚೆನ್ನಾಗಿದ್ರೆ ಮತ್ತೆ ಹನ್ನೆರಡು ಯಾಕ್ರೀ ಕಳೆದ್ರಿ?”